ಯಂಕೇಶನ ಬಿಡಾರದ ಬಂಡಿ

ಗಂಗಾವತಿಯ ಯಂಕೇಶ ಗುಜರಿ ಅಂಗಡಿಯ ಮುಂದೆ ಸುಮ್ಮನೆ ಹಾದುಹೋಗುವ ಆಸಾಮಿಯಲ್ಲ. ಭತ್ತ ಕೊಯ್ಯುವ ಮಷಿನ್ ಓಡಿಸುವ ಅವನು ಸುಗ್ಗಿ ಬಂದರೆ ಮೂರು ತಿಂಗಳು ಊರೂರು ಅಲೆಯುತ್ತಾನೆ. ಉಳಿದ ದಿನ ಮನೆ ಮುಂದೆ ಬಿಡಾರದ ಬಂಡಿ ಕಟ್ಟುತ್ತಾನೆ. ಬಂಡಿಯ ಅಡಿ ಮುರಿದ ಟ್ರೇಲರಿನದು, ಗೋಡೆ ಹಳೇ ಕೂಲರುಗಳ ತಗಡಿನದು. ಬೆಳೆಗೆ ಕ್ರಿಮಿನಾಶಕದ ಎಣ್ಣೆ ಹೊಡೆಯುವ ಟಾಕಿಯನ್ನು ಕುಡಿಯುವ ನೀರಿಗೆ ಇಡಹೊರಟಾಗ ಹೆಂಡತಿ ಅಂಜಲಿ ತಿಪ್ಪೆಗೆ ಎಸೆದಳು. ಸಂಜೆಗೆ ಅದು ಬಾಯಿ ಕತ್ತರಿಸಿಕೊಂಡು, ರಿಪೇರಿಯ ಪಾನಾ ಪಕ್ಕಡ ಇಡುವ ಡಬ್ಬಿಯಾಗಿ ಮತ್ತೆ ಬಂಡಿ ಏರಿತ್ತು. “ಮುಗೀತೇನ್ರಿ?” ಎಂದು ಅವಳು ಕೇಳಿದರೆ, “ಇನ್ನ ಬಾಗಲಾ ಒಂದ ಐತಿ ನೋಡು” ಎಂಬ ಉತ್ತರ ಯುಗಾದಿಯಿಂದಲೂ ಬದಲಾಗಿಲ್ಲ. ತಗಡು ಬಡಿವ ಸದ್ದಿಗೆ ಮಗಳು ಎಚ್ಚರಾಗುತ್ತಾಳೆ, ಅವಳನ್ನು ಸೊಂಟದ ಮೇಲೆ ಹೊತ್ತು ಅಂಜಲಿ ಅಂಗಳದಲ್ಲಿ ಮೊಳೆ ಹುಡುಕಿ ಹುಡುಕಿ ಆರಿಸುತ್ತಾಳೆ. “ಇದನ್ನ ಯಾರ್ ಎಳೀತಾರಪಾ, ನೀನೋ ನಿನ್ ಹೇಣ್ತಿನೋ?” ಎಂದು ನೆರೆಮನೆಯ ಗಾಳೆಮ್ಮ ಕೆಣಕಿದರೆ, “ಮಷಿನ್ ಎಳಿತೈತಿ ಅತ್ತಿ” ಎನ್ನುತ್ತಾನೆ. ಇವತ್ತು ಬಂಡಿಯ ಕಿಟಕಿಗೆ ಸರಳು ಕೂಡಿಸುವ ಮೊದಲು ಅವನು ಮಲಗಿದ ಮಗಳ ತಲೆಯ ಅಗಲವನ್ನು ದಾರದಿಂದ ಅಳೆಯುತ್ತಿದ್ದ. “ಏನ್ ಮಾಡಾಕತ್ತೀರಿ?” ಅಂಜಲಿ ಕೇಳಿದಳು. “ಸರಳಿನ ಸಂದ್ಯಾಗ ತಲಿ ತೂರಬಾರದಲ್ಲ. ಹ್ವಾದ ಸುಗ್ಗಿ ಮುಗಿಸಿ ಬಂದಾಗ, ಯಾರೋ ಅಂತ ನನ್ನ ನೋಡಿ ಅತ್ತಳು. ಈ ಸಲ ನಿಮ್ಮಿಬ್ರನ್ನ ಬಿಟ್ಟು ಹೋಗಂಗಿಲ್ಲ.” ಅಂಜಲಿ ದಾರದ ತುದಿ ಹಿಡಿದು, “ಇನ್ನ ಎರಡ ಬೆರಳ ಸಣ್ಣ ಇರ್ಲಿ ಸಂದಿ” ಎಂದಳು.