ಐದು ಕಿಲೋ ರಜಾಯಿ

ರಜಾಯಿ ಹೊಲಿದು ಹೊಟ್ಟೆ ಹೊರೆಯುವವನು ರಜಾಯಿ ಕೊಳ್ಳಲು ಅಂಗಡಿಗೆ ಹೋದದ್ದನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಹೋಗಿದ್ದೇನೆ. ಅದೂ ನಮ್ಮೂರು ಗೋಕಾಕದಲ್ಲಲ್ಲ. ಗುರುತಿನವರು ಯಾರೂ ನೋಡಬಾರದೆಂದು ಬಸ್ಸು ಹತ್ತಿ ಹುಕ್ಕೇರಿಗೆ. ಕಳವಿಗೆ ಹೋಗುವವನೂ ಇಷ್ಟು ವಿಚಾರ ಮಾಡುವುದಿಲ್ಲವೇನೋ.

ನಮ್ಮದು ಅರಳೆ ಹಿಂಜಿ ರಜಾಯಿಗೆ ತುಂಬುವ ಮನೆತನ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು ಅಪ್ಪನ ಹಿಂಜುವ ಬಿಲ್ಲು ಹಿಡಿದೆ. ಈಗ ಬಿಲ್ಲು ಹೋಗಿ ಯಂತ್ರ ಬಂದಿದೆ. ಅರಳೆ ಧೂಳಿನ ಕೆಮ್ಮು ಮಾತ್ರ ಅದೇ ಹಳೆಯದು. ಆದರೂ ಓದಿದವರ ಮುಂದೆ ನಾನು ತಲೆ ತಗ್ಗಿಸಿದವನಲ್ಲ. ಕಣ್ಣು ಕಟ್ಟಿ ಒಂದು ಹಿಡಿ ಅರಳೆ ಕೊಡಿ, ಅದು ಹೊಸದೋ, ಹಳೆಯ ಗಾದಿಯಿಂದ ಕಿತ್ತದ್ದೋ, ಗಿರಣಿಯಲ್ಲಿ ಗುಡಿಸಿದ್ದೋ ಬೆರಳಿನಿಂದಲೇ ಹೇಳುತ್ತೇನೆ.

ನಮ್ಮ ಕಡೆ ಮದುವೆಯಲ್ಲಿ ಮಗಳಿಗೆ ಕೊಟ್ಟ ರಜಾಯಿಯನ್ನು ಬೀಗರ ಹೆಂಗಸರು ಬಿಡಿಸಿ ನೋಡುವುದಿಲ್ಲ, ಎತ್ತಿ ನೋಡುತ್ತಾರೆ. ಎತ್ತಿದಾಕೆ ಸೊಂಟ ಹಿಡಿದುಕೊಂಡರೆ ಕೊಟ್ಟವರ ಮಾನ ಉಳಿಯಿತು. ಮಸಗುಪ್ಪಿಯವರೇ ಬರಲಿ, ಬೆಲ್ಲದ ಬಾಗೇವಾಡಿಯವರೇ ಬರಲಿ, ಎಲ್ಲರ ಬಾಯಲ್ಲೂ ಒಂದೇ ಮಾತು, ಭಾರ ಇರಲಿ ಎಂದು. ಮೂವತ್ತು ವರ್ಷ ಅದನ್ನೇ ಕೇಳಿ ಕೇಳಿ, ಭಾರವಿದ್ದದ್ದೇ ಬೆಚ್ಚಗೆ ಎಂದು ನಾನೂ ನಂಬಿಬಿಟ್ಟಿದ್ದೆ.

ಹೋದ ವರ್ಷ ನನ್ನ ಹೆಂಡತಿ ಖಾತೂನಳಿಗೆ ಹೊಟ್ಟೆಯ ಆಪರೇಶನ್ ಆಯಿತು. ರೋಗದ ಹೆಸರು ಬರೆಯಲು ಮನಸ್ಸಿಲ್ಲ. ಆಪರೇಶನ್ ಆದಮೇಲೂ ಔಷಧ ನಿಲ್ಲಲಿಲ್ಲ; ಆ ಔಷಧಕ್ಕೆ ಅವಳ ಮೈ ಕರಗಿ ಕೂಸಿನಂತಾಯಿತು. ಮಟಮಟ ಮಧ್ಯಾಹ್ನವೂ ಚಳಿ ಚಳಿ ಎನ್ನುವಳು. ಡಾಕ್ಟರರ ಕೈಯಲ್ಲಿ ಆಗುವುದನ್ನು ಡಾಕ್ಟರರು ಮಾಡಲಿ, ನನ್ನ ಕೈಯಲ್ಲಿ ಆಗುವುದನ್ನು ನಾನು ಮಾಡುತ್ತೇನೆಂದು ಬೆಳ್ಳನೆಯ ಅರಳೆ ಆರಿಸಿ, ಎರಡು ಸಲ ಹಿಂಜಿ, ಐದು ಕಿಲೋ ತುಂಬಿ, ಕೈಯಿಂದಲೇ ಹೊಲಿದೆ. ನನ್ನ ಜನ್ಮದಲ್ಲಿ ಅಂಥ ರಜಾಯಿ ಮಾಡಿರಲಿಲ್ಲ. ಅವಳಿಗೆ ಹೊದಿಸಿ ನಿಂತಾಗ ಎದೆ ಉಬ್ಬಿತ್ತು.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಬಂದರೆ, ರಜಾಯಿ ಅರ್ಧ ನೆಲದ ಮೇಲೆ. ಅವಳು ಒಂದು ಹಳೆಯ ಸೀರೆ ಸುತ್ತಿಕೊಂಡು ಗಡಗಡ ನಡುಗುತ್ತಿದ್ದಳು.

"ಹೊಚ್ಚಿಗೊಂಡಿಲ್ಲ ಯಾಕ?"

"ಎದಿ ಮ್ಯಾಲ ಯಾರೋ ಕುಂತಂಗ ಆಕ್ಕೈತ್ರಿ. ಮಗ್ಗಲಾ ಹೊಳ್ಳಬೇಕಂದ್ರ ನೀವು ಬರೂತನಾ ಕಾಯ್ತೇನಿ."

"ಮತ್ತ ಇಷ್ಟ ದಿನಾ ಬಾಯಿಗೆ ಏನಾಗಿತ್ತು?"

"ಊರೆಲ್ಲಾ ಹೊಗಳೂ ಕೈ ನಿಮ್ದು. ಅದಕ್ಕ ಭಾರ ಅಂತ ನಾ ಹೆಂಗ ಹೆಸರಿಡ್ಲಿ?"

ರಜಾಯಿ ಎತ್ತಿ ಮಡಚಿ ಮೂಲೆಗಿಟ್ಟೆ. ಬೇನೆ ಒಂದು ಕಡೆ ಅವಳನ್ನು ಅದುಮುತ್ತಿತ್ತು, ನನ್ನ ಹೆಚ್ಚುಗಾರಿಕೆ ಇನ್ನೊಂದು ಕಡೆ.

ಎರಡು ಕಿಲೋದ್ದು ಮಾಡಿದೆ. ಆದರೆ ಔಷಧಕ್ಕೆ ಅವಳು ಬೆವರುತ್ತಾಳೆ, ವಾಂತಿ ಮಾಡಿಕೊಳ್ಳುತ್ತಾಳೆ. ಹೊದಿಕೆಯನ್ನು ಮೇಲಿಂದ ಮೇಲೆ ಒಗೆಯಬೇಕು. ಒಗೆದ ಅರಳೆ ಗಂಟುಗಂಟಾಯಿತು. ಹೀಗೆ ಹುಕ್ಕೇರಿಯ ಅಂಗಡಿ ಕಂಡೆ.

"ಒಳಗ ಏನಿರ್ಬೇಕ್ರಿ ಕಾಕಾ? ಫೈಬರ್, ಪುಕ್ಕ, ರೇಷ್ಮಿ, ಹತ್ತಿ?" ಅಂಗಡಿಯ ಹುಡುಗಿ ರೊಟ್ಟಿ-ಪಲ್ಯ ಬಡಿಸಿದಂತೆ ನಾಲ್ಕನ್ನೂ ಮುಂದಿಟ್ಟಳು. ಇಂಥ ಹಗುರ ರಜಾಯಿಗೆ ಡುವೆಟ್ ಅನ್ನುತ್ತಾರಂತೆ. ಹಿಡಿಯಲ್ಲಿ ಹಿಚುಕಿ ಬಿಟ್ಟು ನೋಡಿದೆ. ಬಾತುಕೋಳಿಯ ಪುಕ್ಕ ಉಸಿರಿನಷ್ಟು ಹಗುರ. ಆದರೆ ತೊಯ್ದರೆ ಮುದ್ದೆ. ರೇಷ್ಮೆ ಮೈಗೆ ಹಿತ, ಒಗೆಯಲು ನಾಜೂಕು. ನಾನು ಇಷ್ಟು ವರ್ಷ ಪ್ಲಾಸ್ಟಿಕ್ ಕಸವೆಂದು ಬೈದ ಫೈಬರ್, ಹಿಚುಕಿ ಬಿಟ್ಟೊಡನೆ ಮತ್ತೆ ಉಬ್ಬಿ ಎದ್ದು ಕೂತಿತು.

ಆಗ ನನ್ನ ಕಸುಬಿನ ಮೊದಲ ಪಾಠವೇ ನನಗೆ ಹೊಳೆಯಿತು. ಚಪ್ಪಟೆಯಾದ ರಜಾಯಿ ತಂದು "ಬೆಚ್ಚಗ ಆಗವಲ್ದು" ಎಂದವರಿಗೆ ನಾನು ಹೊಸ ಅರಳೆ ಹಾಕುತ್ತೇನೆಯೇ? ಇಲ್ಲ. ಅದನ್ನೇ ಹಿಂಜಿ ಕೊಡುತ್ತೇನೆ. ತೂಕ ಅಷ್ಟೇ, ಚಳಿ ಮಾತ್ರ ಹೋಗುತ್ತದೆ. ಬೆಚ್ಚಗಿಡುವುದು ಎಳೆಗಳ ನಡುವೆ ಸಿಕ್ಕ ಗಾಳಿ. ಜೀವನವೆಲ್ಲ ಗಾಳಿ ತುಂಬುವ ಕೆಲಸ ಮಾಡಿ, ತೂಕದ ಹೆಸರು ಹೇಳುತ್ತ ಬಂದಿದ್ದೆ!

ಫೈಬರ್ ತುಂಬಿದ್ದನ್ನೇ ಆರಿಸಿ, ಬೆವರು ಹೀರಲೆಂದು ಹತ್ತಿಯ ಗವಸು ತೆಗೆದುಕೊಂಡೆ. "ಭಾಳ ತಿಳಿತೈತಿ ನಿಮಗ. ಏನ್ ಕೆಲಸಾ ಮಾಡ್ತೀರಿ ಕಾಕಾ?" ಎಂದಳು ಹುಡುಗಿ.

"ಒಕ್ಕಲತಾನ," ಎಂದೆ. ನಾಚಿಕೆಯಾಯಿತು.

ತಿರುಗಿ ಬರುವಾಗ ಘೋಡಗೇರಿಯಲ್ಲಿ ಒಬ್ಬ ಹೆಂಗಸು ಬಸ್ಸು ಹತ್ತಿ ನನ್ನ ಪಕ್ಕದಲ್ಲಿ ಕೂತಳು. ಅವಳ ಮಗಳ ಮದುವೆಯ ರಜಾಯಿ ನಾನೇ ಮಾಡಿದ್ದು. ನನ್ನ ಕೈಯಲ್ಲಿದ್ದ ಅಂಗಡಿಯ ರಜಾಯಿಯ ಗಂಟು ನೋಡಿ ನಕ್ಕಳು. "ಏನ್ರಿ ಕಾಕಾ, ಗೋಕಾಕದಾಗ ಅರಳಿ ತೀರಿ ಹೋತೇನ?"

ಬಸ್ಸಿನ ನಾಲ್ಕು ಮಂದಿ ತಿರುಗಿ ನೋಡಿದರು. ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು.

"ಮನ್ಯಾಕಿಗೆ ಆರಾಮಿಲ್ಲವ್ವಾ. ನಾ ಮಾಡಿದ್ದು ಆಕಿಗೆ ಭಾರ ಆತು."

ಅವಳು ಮತ್ತೆ ನಗಲಿಲ್ಲ. ಗಂಟನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಗೋಕಾಕ ಬರುವವರೆಗೆ ಎರಡೂ ಕೈಯಿಂದ ಹಿಡಿದಿದ್ದಳು.

ಬೇನೆ ಈಗಲೂ ಇದೆ. ಎಷ್ಟು ದಿನ ಇರುತ್ತದೆಂದು ನಾನು ಕೇಳುವುದಿಲ್ಲ, ಡಾಕ್ಟರರೂ ಹೇಳುವುದಿಲ್ಲ. ಆದರೆ ಅಂದು ಸಂಜೆ ಆ ಪರ ಊರಿನ ರಜಾಯಿ ಹೊದಿಸಿ ಪಕ್ಕದಲ್ಲಿ ಕೂತಿದ್ದೆ. ತುಸು ಹೊತ್ತಿಗೆ ಖಾತೂನ, ಯಾರನ್ನೂ ಕರೆಯದೆ, ತಾನೇ ಮೆಲ್ಲಗೆ ಗೋಡೆಯ ಕಡೆ ಹೊರಳಿ ಮಲಗಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನಗೆ ಬೆನ್ನು ತಿರುಗಿಸಿದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.