ಖಾಲಿ ಕಪಾಟಿನ ಪೂಜೆ

ನಮ್ಮ ಮನೆಯಲ್ಲಿ ಇರುವವರು ಮೂರೇ ಜನ. ನಾನು, ನನ್ನ ಗಂಡ, ನನ್ನ ಅತ್ತೆ. ಈ ದೀಪಾವಳಿಗೆ ನಾನು ಕೊಂಡ ಟವೆಲ್ ಹನ್ನೆರಡು.

ಯಾಕೆ ಅಂತ ಕೇಳಬೇಡಿ. ಅರ್ಧ ರೇಟಿಗೆ ಸಿಕ್ಕವು. ಅರ್ಧ ರೇಟು ಅಂದಮೇಲೆ ‘ಯಾಕೆ’ ಅನ್ನುವ ಪ್ರಶ್ನೆಯನ್ನು ಯಾವ ಹೆಂಗಸಾದರೂ ಕೇಳಿದ್ದು ಉಂಟೇ? (ಗಂಡಸರೇನು ಕಡಿಮೆಯಿಲ್ಲ. ಆಫರ್ ಇದೆ ಅಂತ ನಮ್ಮವರು ಕಾಲಿಗೆ ಹಿಡಿಯದ ಬೂಟು ತಂದಿದ್ದಾರೆ. ಎರಡು ಜೊತೆ.)

ಬರೀ ಟವೆಲ್ ಅಲ್ಲ. ಎರಡು ಬನಹಟ್ಟಿ ಸೀರೆ, ಒಂದಷ್ಟು ಕುಪ್ಪಸದ ಖಣ, ಶರ್ಟ್ ಪೀಸು, ಒಂದು ಚಾದರ. ಎಲ್ಲವೂ ಗಿಫ್ಟಿಗೆ. ಹಬ್ಬದಲ್ಲಿ ಯಾರು ಬರುತ್ತಾರೆ, ಯಾರಿಗೆ ಅರಿವೆ ಕೊಟ್ಟು ಆಯೇರಿ ಮಾಡಬೇಕಾಗುತ್ತದೆ, ಮೊದಲೇ ಹೇಳಲು ಬರುತ್ತದೆಯೇ? ಇನ್ನು ಖಣದ ಕಥೆ ನಿಮಗೆ ಗೊತ್ತೇ ಇದೆ. ನೀವು ನನಗೆ ಕೊಡುತ್ತೀರಿ. ನಾನು ಅದನ್ನು ಪಕ್ಕದ ಮನೆಯವರಿಗೆ ಕೊಡುತ್ತೇನೆ. ಅವರು ಬೀಳಗಿಯ ಬೀಗರಿಗೆ ಕೊಡುತ್ತಾರೆ. ಹೊಲಿಸಿ ತೊಡುವವರು ಮಾತ್ರ ಯಾರೂ ಇಲ್ಲ.

ಇಷ್ಟನ್ನೂ ಕೊಂಡದ್ದು ಜಮಖಂಡಿ ಪೇಟೆಯಲ್ಲಿ, ಚನ್ನಪ್ಪ ಕಾಕಾ ಅವರ ಅರಿವೆ ಅಂಗಡಿಯ ಕ್ಲೋಸಿಂಗ್ ಸೇಲಿನಲ್ಲಿ.

ಕಾಕಾ ನನಗೆ ಸಂಬಂಧಿಯಲ್ಲ. ಇಡೀ ಪೇಟೆಗೇ ಅವರು ಕಾಕಾ. ಅಂಗಡಿ ಅವರ ಅಪ್ಪ ಹಾಕಿದ್ದು. ಚಪ್ಪಲಿ ಕೆಳಗೆ ಬಿಟ್ಟು, ಬಿಳಿ ಗಾದಿಯ ಮೇಲೆ ಕಾಲು ಮಡಚಿ ಕೂತು, ಒಂದೊಂದೇ ಸೀರೆ ಬಿಚ್ಚಿಸಿ ನೋಡುವ ಹಳೆಯ ನಮೂನೆಯ ಅಂಗಡಿ. ಕೊಂಡರೂ ಚಹಾ ಬರುತ್ತಿತ್ತು, ಕೊಳ್ಳದಿದ್ದರೂ ಬರುತ್ತಿತ್ತು. ಅವರ ಹೆಂಡತಿ ಗಂಗವ್ವ ಕಾಕು ಮಧ್ಯಾಹ್ನದ ಹೊತ್ತು ಬಂದು ಹೆಣ್ಣುಮಕ್ಕಳ ಗಿರಾಕಿ ನೋಡಿಕೊಳ್ಳುತ್ತಿದ್ದರು. ಎಂಥ ಸೊಕ್ಕಿನ ಸೀರೆಯೂ ಅವರ ಕೈಯಲ್ಲಿ ಒಂದೇ ಪಟ್ಟಿಗೆ ಮಡಿಕೆ ಬೀಳುತ್ತಿತ್ತು.

ಈ ವರ್ಷ ಕಟ್ಟಡದ ಮಾಲೀಕರು ಕಟ್ಟಡ ಮಾರಿದರು. ಕೊಂಡವರು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ಕಾಕಾ ಬೇರೆ ಕಡೆ ಅಂಗಡಿ ಹಾಕಬಹುದಿತ್ತು. ಆದರೆ ಯಾರಿಗಾಗಿ? ಈಗ ಸೀರೆ ಮೊಬೈಲಿನಲ್ಲಿ ಬರುತ್ತದೆ. ಇರುವ ಒಬ್ಬಳು ಮಗಳು ಮುಧೋಳದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಹಾಗಾಗಿ ದೀಪಾವಳಿಗೆ ಮೊದಲು ಅಂಗಡಿಯ ಮುಂದೆ ಫ್ಲೆಕ್ಸ್ ಬಿತ್ತು: ಕ್ಲೋಸಿಂಗ್ ಸೇಲ್.

ನಾವು ನಂಬಿದೆವೇ? ಇಲ್ಲ! ಕ್ಲೋಸಿಂಗ್ ಸೇಲ್ ಅಂದರೆ ನಮಗೆ ಗೊತ್ತಿಲ್ಲವೇ? ನಮ್ಮ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಅಂಗಡಿ ನನ್ನ ಕೂದಲು ಕಪ್ಪಗಿದ್ದಾಗಿನಿಂದ ಕ್ಲೋಸ್ ಆಗುತ್ತಲೇ ಇದೆ. ನಂಬಲಿಲ್ಲ, ಆದರೆ ನುಗ್ಗಿದೆವು.

ಆ ನೂಕುನುಗ್ಗಲನ್ನು ಏನು ಹೇಳಲಿ! ಕಾಕಾ ಅರ್ಧ ರೇಟು ಅಂದರೆ ಗಿರಾಕಿಗಳು ಅರ್ಧದಲ್ಲಿ ಅರ್ಧ ಕೇಳುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ಓಣಿಯ ಸುಮಿತ್ರಾ, “ಮುಚ್ಚೂ ಅಂಗಡ್ಯಾಗ ಎಂಥಾ ಫಿಕ್ಸ್ ರೇಟ್ ರೀ ಕಾಕಾ? ನಾಳಿಗಿ ಇಲಿ ಕಡದು ಹೋಗೂದಕಿಂತ ನಮಗರ ಕೊಡ್ರಿ” ಅಂದಳು. ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕರು, ಕೊಟ್ಟರು. ಒಬ್ಬ ಗುತ್ತಿಗೆದಾರ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಹಬ್ಬದ ಗಿಫ್ಟು ಅಂತ ಚಾದರ, ಧೋತರ ಇದ್ದಬದ್ದದ್ದನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿಸಿಕೊಂಡು ಹೋದ.

ತುಳಸಿ ಲಗ್ನದ ತನಕ ಮಾಲು ಉಳಿಯುತ್ತದೆ ಅಂತ ಕಾಕಾ ಎಣಿಸಿದ್ದರು. ಲಕ್ಷ್ಮೀ ಪೂಜೆಗೂ ಮೊದಲೇ ಕಪಾಟು ಖಾಲಿ. ಸೇಲ್ ಅಂದರೆ ಇಂಥ ಸೇಲ್ ಆಗಬೇಕು ಅಂತ ನಾವೆಲ್ಲ ಹೊಗಳಿದ್ದೇ ಹೊಗಳಿದ್ದು.

ಅಮಾವಾಸ್ಯೆಯ ಹಿಂದಿನ ದಿನ ಕಾಕಾ ನಮ್ಮ ಮನೆಗೆ ಬಂದರು. ಪ್ರತಿವರ್ಷ ಅಂಗಡಿ ಪೂಜೆಗೆ ಕರೆಯಲು ಆಳನ್ನು ಕಳಿಸುತ್ತಿದ್ದವರು ಈ ಸಲ ತಾವೇ ಬಂದಿದ್ದರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಟೋಪಿ ತೆಗೆದು, ಹಾಕಿ, ಮತ್ತೆ ತೆಗೆದು, ಬಾಗಿಲಲ್ಲೇ ನಿಂತರು.

“ನಾಳಿ ಸಂಜೀಕ ಪೂಜಾಕ ಬರ್ರವಾ. ಬರೂಮುಂದ ಒಂದ ಕೆಲಸಾ ಮಾಡಬೇಕ ನೋಡು. ನೀ ಒಯ್ದ ಅರಿವಿ ಇನ್ನೂ ಮನ್ಯಾಗ ಐತೇನ? ಅದನ್ನ ತಗೊಂಡ ಬಾ.”

ನನಗೆ ಅರ್ಥವಾಗಲಿಲ್ಲ.

“ಅರ್ಧಾ ತಾಸು ಅಷ್ಟ. ಕಪಾಟಿನ್ಯಾಗ ಇಡೂದು, ಪೂಜಾ ಆದಕೂಡ್ಲೆ ನಿನ್ನ ಕೈಯಾಗ ಕೊಡೂದು. ಎಲ್ಲಾರಿಗೂ ಹೇಳಾಕತ್ತೇನಿ. ನಮ್ಮಪ್ಪನ ಕಾಲದಿಂದ ಮಾಲು ತುಂಬಿದ ಕಪಾಟಿಗೇ ಆರತಿ ಬೆಳಗೇವಿ. ಕಡೇದ ಪೂಜಾ ಇದು. ಬರೇ ಹಲಗಿಗೆ ಬೆಳಗಿದ್ರ ಹೆಣಕ್ಕ ಬೆಳಗಿದಂಗ ಆಕ್ಕೈತೆವಾ. ನನ್ನ ಕಡಿಂದ ಆಗೂದಿಲ್ಲ.”

ತರುತ್ತೇನೆ ಅಂದೆ. ಅವರ ಮುಖ ನೋಡಿದ ಯಾರೇ ಆದರೂ ಹಾಗೇ ಅನ್ನುತ್ತಿದ್ದರು. ಅವರು ಟೋಪಿ ಹಾಕಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋದರು.

ಒಳಗೆ ಬಂದರೆ ಅತ್ತೆ ಆಗಲೇ ಎದ್ದು ಕೂತಿದ್ದರು. (ಟಿವಿಯ ಸದ್ದು ಅವರಿಗೆ ಕೇಳಿಸುವುದಿಲ್ಲ. ಬಾಗಿಲಲ್ಲಿ ಆಡಿದ ಪಿಸುಮಾತು ಕೇಳಿಸುತ್ತದೆ.)

“ಲಕ್ಷ್ಮೀ ಅಮಾಸಿ ದಿನಾ ಮನಿಯಾನ ಹೊಸಾ ಅರಿವಿ ಹೊರಗ ಒಯ್ತಿಯೇನ? ಆವತ್ತ ಒಂದ ಹಿಡಿ ಉಪ್ಪ ಸೈತ ಯಾರಿಗೂ ಕೊಡೂದಿಲ್ಲ.”

“ಕೊಡೂದಲ್ರಿ ಅತ್ತಿ, ಇಟ್ಟು ತರೂದು.”

“ಹೊಸ್ತಿಲಾ ದಾಟಿದಮ್ಯಾಲ ಲಕ್ಷ್ಮಿಗೆ ಹೆಂಗ ಗೊತ್ತ ಆಗಬೇಕ, ಇದು ಇಟ್ಟು ತರೂದಂತ?”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ತಮಾಷೆಯೆಂದರೆ ಕಾಕಾ ಅವರದ್ದೂ ಇದೇ ನಂಬಿಕೆ. ಅವತ್ತು ಅವರ ಅಂಗಡಿಯಿಂದ ಉದ್ರಿಗೆ ಒಂದು ಕರವಸ್ತ್ರವೂ ಹೊರಗೆ ಹೋದದ್ದಿಲ್ಲ. ವರ್ಷದಲ್ಲಿ ಯಾವ ದಿನ ಕೇಳಿದ್ದರೂ ಈ ಊರು ಗಂಟು ಕಟ್ಟಿಕೊಂಡು ಬರುತ್ತಿತ್ತೇನೋ. ಅವರಿಗೆ ಬೇಕಾದದ್ದು ಅದೊಂದೇ ದಿನ. ಯಾರೂ ಏನೂ ಕೊಡದ ದಿನ.

ಅಷ್ಟರಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳ ವಾಟ್ಸಾಪ್ ಗ್ರೂಪಿನಲ್ಲಿ ಸುಮಿತ್ರಾಳ ವಾಯ್ಸ್ ಮೆಸೇಜು ಬಂತು. “ಯಾರೂ ಒಯ್ಯಬ್ಯಾಡ್ರಿ. ಅಗ್ಗಾ ಕೊಟ್ಟು ಈಗ ಅವರ ಹೊಟ್ಟಿ ಉರಿಯಾಕತ್ತಿರಬೇಕ. ಒಮ್ಮಿ ಕಪಾಟಿಗೆ ಹೋತಂದ್ರ ಯಾವದು ಯಾರದಂತ ಹೆಂಗ ಗುರುತ ಹಿಡಿಯೂದು?”

ಕೆಳಗೆ ಸಾಲಾಗಿ ಹೆಬ್ಬೆರಳುಗಳು. ನಾನು ಹೆಬ್ಬೆರಳು ಒತ್ತಲಿಲ್ಲ. ‘ಹಾಗೆಲ್ಲ ಅನ್ನಬೇಡಿ’ ಅಂತಲೂ ಬರೆಯಲಿಲ್ಲ. ಅತ್ತೆಯ ಜೊತೆ ಇನ್ನೊಂದು ಮಾತು ವಾದಿಸಲೂ ಇಲ್ಲ. ಹಬ್ಬದ ದಿನ ಮನೆಯಲ್ಲಿ ಜಗಳ ಯಾಕೆ? ನಾನೊಬ್ಬಳು ತಾರದಿದ್ದರೆ ಏನಾಯಿತು? ಉಳಿದವರು ತರುತ್ತಾರಲ್ಲ.

ಉಳಿದವರೂ ಹಾಗೇ ಅಂದುಕೊಂಡಿದ್ದರು.

ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆ ಹೋದೆ. ಬಾಳೆಕಂಬ, ಕಬ್ಬಿನ ಜಲ್ಲೆ, ಚೆಂಡುಹೂವಿನ ಮಾಲೆ, ಯಾವುದಕ್ಕೂ ಕಡಿಮೆ ಇರಲಿಲ್ಲ. ಗಾದಿಗೆ ಮಡಿ ಹಾಸು. ಲಕ್ಷ್ಮಿಯ ಫೋಟೋದ ಮುಂದೆ ಗಲ್ಲಾ, ಕತ್ತರಿ, ಅರಿವೆ ಅಳೆಯುವ ಕಬ್ಬಿಣದ ಗಜ. ಜನರೂ ಬಂದಿದ್ದರು. ಚುರಮರಿ, ಬತ್ತಾಸ, ಪೇಢೆ ಇದ್ದ ಮೇಲೆ ಬಾರದೆ ಇರುತ್ತಾರೆಯೇ?

ಬಂದ ಪ್ರತಿಯೊಬ್ಬರೂ ಮೊದಲು ನೋಡುತ್ತಿದ್ದದ್ದು ಉಳಿದವರ ಕೈ. ಯಾರ ಕೈಯಲ್ಲೂ ಗಂಟಿಲ್ಲ ಅಂತ ಖಾತ್ರಿ ಮಾಡಿಕೊಂಡು ಸಮಾಧಾನದಿಂದ ಕೂರುತ್ತಿದ್ದರು. ನಾನೂ ಹಾಗೇ ಕೂತೆ.

ಕಾಕಾ ಮೆಟ್ಟಿಲ ಮೇಲೆ ನಿಂತು ಬಂದವರನ್ನು ಕರೆಯುತ್ತಿದ್ದರು. ಇಷ್ಟು ವರ್ಷ ಮುಖ ನೋಡಿ ಮಾತಾಡಿಸಿದ ಮನುಷ್ಯ ಅವತ್ತು ಎಲ್ಲರ ಕೈ ನೋಡುತ್ತಿದ್ದರು. ಸುಮಿತ್ರಾ ಸೇಲಿನಲ್ಲಿ ಕೊಂಡ ಸೀರೆ ಉಟ್ಟುಕೊಂಡೇ ಬಂದಿದ್ದಳು. “ನೋಡ್ರಿ ಕಾಕಾ, ನಾ ಮಾಲು ತಂದೇನಿ!” ಅಂದಳು. ಒಂದಿಬ್ಬರು ನಕ್ಕರು. ಕಾಕಾ, “ಛಲೋ ಒಪ್ಪೇತಿ ನೋಡವಾ” ಅಂತಷ್ಟೇ ಅಂದು ಬೀದಿಯ ಕಡೆ ತಿರುಗಿದರು.

ಪೂಜೆ ಮಾಡಿಸಲು ಬಂದಿದ್ದ ಅಯ್ಯನವರಿಗೆ ಅವಸರ. “ಚನ್ನಪ್ಪಣ್ಣ, ಇನ್ನೂ ನಾಕ ಅಂಗಡಿ ಅದಾವ ನಂದು.”

“ಇನ್ನೊಂದ ಹತ್ತ ಮಿನಿಟ ರೀ ಅಯ್ಯಾರ. ಬರ್ತಾರ.”

ಬರುತ್ತಾರೆ ಅಂತ ಹೇಳುತ್ತಿದ್ದದ್ದು ನಮ್ಮ ಮುಂದೆಯೇ. ಬರಬೇಕಾದವರೆಲ್ಲ ಅಲ್ಲೇ ಕೂತಿದ್ದೆವು. ಆ ಹತ್ತು ನಿಮಿಷದಲ್ಲಿ ಎದ್ದು ಓಡಿಹೋಗಿ ಗಂಟು ತರಬಹುದಿತ್ತು. ನಮ್ಮ ಮನೆ ಅಲ್ಲಿಂದ ಎರಡು ಓಣಿ ಆಚೆ. ಮೊದಲು ಯಾರು ಏಳುತ್ತಾರೆ ಅಂತ ಕಾಯುತ್ತ ಎಲ್ಲರೂ ಕೂತೆವು.

ಎದ್ದವರು ಗಂಗವ್ವ ಕಾಕು. ಅವರ ಮನೆ ಅಂಗಡಿಯ ಹಿಂದೆಯೇ. ಹೋದವರು ದುಪ್ಪಟಿಯಲ್ಲಿ ಕಟ್ಟಿದ ದೊಡ್ಡ ಗಂಟು ಹೊತ್ತು ಬಂದರು. ಗಾದಿಯ ಮೇಲೆ ಬಿಚ್ಚಿದರು. ಟ್ರಂಕಿನೊಳಗಿನ ಸೀರೆಗಳು, ಕಾಕಾನ ಧೋತರ, ಹಾಸಿಗೆಯ ಚಾದರ, ದಿಂಬಿನ ಚೀಲ. ಒಂದೊಂದನ್ನೂ ಅಂಗಡಿಯ ಮಡಿಕೆ ಮಾಡಿ, ಅಂಚು ಮುಂದೆ ಕಾಣುವ ಹಾಗೆ ಕಪಾಟಿನಲ್ಲಿ ಇಡತೊಡಗಿದರು. ಒಂದು ಸಾಲು ತುಂಬಿತು. ಉಳಿದ ಸಾಲುಗಳು ಹಾಗೇ ಖಾಲಿ.

“ಇವು ಮಾಲಲ್ಲ,” ಅಂದರು ಕಾಕಾ.

“ಬೆಳಗ್ರಿ. ಲಕ್ಷ್ಮಿ ಬಿಲ್ ಕೇಳೂದಿಲ್ಲ.”

ಕಾಕಾ ಆರತಿ ಬೆಳಗಿದರು. ನಾವೆಲ್ಲ ಕೈ ಮುಗಿದೆವು. ನನಗೆ ಕಪಾಟಿನ ಕಡೆ ನೋಡಲು ನಾಚಿಕೆಯಾಗಿ ಫೋಟೋದ ಕಡೆ ನೋಡುತ್ತ ನಿಂತೆ.

“ಇನ್ನ ಬೋಣಿಗಿ ಆಗ್ಲಿ,” ಅಂದರು ಅಯ್ಯನವರು, ದಕ್ಷಿಣೆ ಜೇಬಿಗಿಳಿಸುತ್ತ.

ಪೇಟೆಯ ಪದ್ಧತಿ ಇದು. ಪೂಜೆ ಮುಗಿದಕೂಡಲೇ ಯಾರಾದರೂ ಏನಾದರೂ ಒಂದು ಕೊಳ್ಳಬೇಕು. ಆ ಮೊದಲ ಗಿರಾಕಿ ಏನು ಕೇಳಿದರೂ ಇಲ್ಲ ಅನ್ನುವಂತಿಲ್ಲ. ಬರಿಗೈಲಿ ಕಳಿಸಿದರೆ ಪೂಜೆ ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಪ್ರತಿವರ್ಷ ನಮ್ಮ ಅತ್ತೆಯೋ ಮತ್ತೊಬ್ಬರೋ ಒಂದು ಕರವಸ್ತ್ರ ಕೊಂಡು ಶಾಸ್ತ್ರ ಮುಗಿಸುತ್ತಿದ್ದರು. ಈ ಸಲ ಏನು ಕೊಳ್ಳುವುದು? ಒಬ್ಬರ ಮುಖ ಒಬ್ಬರು ನೋಡಿದೆವು.

ಆಗ ಒಬ್ಬ ಹೆಣ್ಣುಮಗಳು ಅವಸರವಾಗಿ ಮೆಟ್ಟಿಲು ಹತ್ತಿ ಬಂದಳು. ಹತ್ತಿರದ ಹಳ್ಳಿ ಹುನ್ನೂರಿನವಳಂತೆ. ಕೈಯಲ್ಲಿ ಹಣತೆ, ಹೂವಿನ ಚೀಲ.

“ಸೇಲ್ ಇನ್ನೂ ಐತಲ್ರಿ? ಎಲ್ಲಾ ಮುಗದೈತಂತ ಹೇಳಿದ್ರು. ನಮ್ಮ ನಾದಿನಿ ಬಂದಾಳ್ರಿ, ನಾಳಿ ಪಾಡ್ಯೆದ ಆರತಿಗೆ ಗಿಫ್ಟ್ ಕೊಡಬೇಕು. ಆ ಹಸರ ಸೀರಿ ತೋರಸ್ರಿ.”

ಹಸಿರು ಮೈ, ಕೆಂಪು ಸೆರಗಿನ ಇಳಕಲ್ ಸೀರೆ. ಅದು ಯಾವುದು ಅಂತ ನನಗೆ ಗೊತ್ತಿತ್ತು. ಮಗಳು ಹೊಟ್ಟೆಯಲ್ಲಿದ್ದಾಗ ಗಂಗವ್ವ ಕಾಕುಗೆ ಅವರ ತವರಿನವರು ಕುಬಸಕ್ಕೆ (ಸೀಮಂತಕ್ಕೆ) ತಂದ ಸೀರೆ. ಅವ್ವನ ಕೈಯಿಂದ ಬಂದ ಕೊನೆಯ ಸೀರೆ ಅಂತ ಒಮ್ಮೆ ನನಗೇ ತೋರಿಸಿದ್ದರು.

‘ಅದು ಮಾರೂದಲ್ಲ’ ಅಂತ ಹೇಳಲು ಬಾಯಿ ತೆರೆದೆ. ಕಾಕಾನನ್ನು ನೋಡಿ ಮುಚ್ಚಿಕೊಂಡೆ. ಅವರ ಕಣ್ಣು ಆ ಹೆಣ್ಣುಮಗಳ ಮೇಲೆ, ಒಂದು ಕೈ ಗಲ್ಲಾದ ಮೇಲೆ. ಹೌದು ಅಂದರೆ ಹೆಂಡತಿಯ ಸೀರೆ ಹೋಗುತ್ತದೆ. ಇಲ್ಲ ಅಂದರೆ ಊರೆಲ್ಲ ತಿರುಗಿ ಬೇಡಿ ಮಾಡಿದ ಪೂಜೆ ಹೋಗುತ್ತದೆ.

ಕಾಕು ತಾವೇ ಎದ್ದು ಸೀರೆ ತೆಗೆದು ಗಾದಿಯ ಮೇಲೆ ಹಾಸಿದರು. ಸೆರಗು ಬಿಚ್ಚಿ ತೋರಿಸಿದರು.

“ಡಾಂಬರಗುಳಿಗಿ ವಾಸನಿ ಹೊಡಿಯಾಕತ್ತೈತಲ್ರಿ. ಹಳೇ ಮಾಲ ಏನ?”

“ಹಳೇದ ಐತಿ. ನೇಯ್ಗಿ ಖರೇನ ಛಲೋ ಐತಿ ನೋಡ್ರಿ.”

“ಹಂಗಾರ ಇನ್ನೊಂದೀಟ ಇಳಸ್ರಿ. ಕ್ಲೋಸಿಂಗ್ ಸೇಲ್ ಅಲ್ರೀ?”

ಕಾಕು ಇಳಿಸಿದರು. ಮತ್ತೊಮ್ಮೆ ಕೇಳಿದ್ದಕ್ಕೆ ಮತ್ತೊಮ್ಮೆ ಇಳಿಸಿದರು. “ಗಿಫ್ಟ್ ಐತ್ರಿ, ಛಲೋ ಚೀಲದಾಗ ಹಾಕಿ ಕೊಡ್ರಿ” ಅಂದದ್ದಕ್ಕೆ ಹುಡುಕಿ ಹೊಸ ಚೀಲ ತಂದು ಹಾಕಿಕೊಟ್ಟರು. ಕಾಕಾ ದುಡ್ಡನ್ನು ಕಣ್ಣಿಗೆ ಒತ್ತಿಕೊಂಡು ಗಲ್ಲಾಕ್ಕೆ ಹಾಕಿದರು. ಆ ಹೆಣ್ಣುಮಗಳು ಖುಷಿಯಿಂದ ಮೆಟ್ಟಿಲಿಳಿದು ಹೋದಳು. ಅವಳದ್ದೇನು ತಪ್ಪು? ಅಂಗಡಿಯಲ್ಲಿ ಇಟ್ಟ ಸೀರೆ ಮಾರುವುದಕ್ಕೇ ಅಲ್ಲವೇ?

ಪ್ರಸಾದ ತಗೊಂಡು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ನನಗೆ ಸುಮ್ಮನೆ ಹೋಗಲು ಆಗಲಿಲ್ಲ. ಗಾದಿಯ ಮೇಲಿನ ಹೂವು ಆರಿಸುತ್ತಿದ್ದ ಕಾಕುವಿನ ಹತ್ತಿರ ಹೋಗಿ, “ಹಿಂಗ ಆಕ್ಕೈತಂತ ಒಂದ ಮಾತ ಹೇಳಿದ್ರ ನನ್ನ ಗಂಟ ನಾ ತರತಿದ್ನೆಲ್ರಿ ಕಾಕು” ಅಂದೆ.

ಅವರು ತಲೆ ಎತ್ತಲಿಲ್ಲ. ಸಿಟ್ಟೂ ಮಾಡಲಿಲ್ಲ.

“ನಿಮ್ಮ ಬಾಗಲದಾಗ ನಿಂತ ಹೇಳಿ ಬಂದ್ರಲ್ಲವಾ ಅವರು,” ಅಂದರು.

ನನ್ನ ಕೈಗೆ ಎರಡು ಪೇಢೆ ಹಾಕಿದರು, ಒಂದು ಅತ್ತೆಗೆ ಅಂತ. ತಗೊಂಡು ಬಂದೆ. ಅತ್ತೆ ಕಣ್ಣಿಗೊತ್ತಿಕೊಂಡು ತಿಂದರು. ಪೂಜೆ ಸಾಂಗವಾಗಿ ಆಯಿತೇ ಅಂತ ಕೇಳಿದರು. ಆಯಿತು ಅಂದೆ.

ಈಗ ಅಂಗಡಿಗೆ ಶಟರ್ ಎಳೆದಾಗಿದೆ. ಕಾಕಾ ಪೇಟೆಯ ಕಡೆ ಬರುವುದಿಲ್ಲ. ಇದನ್ನು ಓದಿ ನಮ್ಮೂರಿನವರೇ ಎಷ್ಟು ಜನ ‘ಅಯ್ಯೋ ಪಾಪ, ಹಿಂಗ ಆಗಬಾರದಿತ್ತು’ ಅಂತ ನನಗೆ ಮೆಸೇಜು ಹಾಕುತ್ತೀರಿ ಅಂತ ಗೊತ್ತಿದೆ. ಹಾಕಿ, ಬೇಡ ಅನ್ನುವುದಿಲ್ಲ.

ಆದರೆ ಅಮಾವಾಸ್ಯೆಯ ಆ ಸಂಜೆ ನಿಮ್ಮ ಗಂಟು ಎಲ್ಲಿತ್ತು?