ಕಾಕಾನ ಅಂಗೈ, ಟಿಕೋಟಾದ ಗಾಡಿ

ನಿನ್ನೆ ಸಂಜೆ ಮಗಳು ಸ್ಕೂಟರ್ ತಂದು ಅಂಗಳದಲ್ಲಿ ನಿಲ್ಲಿಸಿ, "ಸೊಲ್ಲಾಪುರ ರಸ್ತೆಗೆ ಹೋಗಿದ್ದೆ ಅಪ್ಪಾ, ಝೆರಾಕ್ಸ್ ಮಾಡಸಾಕ" ಎಂದು ಒಳಗೆ ಹೋದಳು. ಝೆರಾಕ್ಸಿಗೆ ಇಡೀ ಮಧ್ಯಾಹ್ನ ಹಿಡಿಯುತ್ತದೆಯೇ? ಅತ್ತಿತ್ತ ನೋಡಿ, ಬಗ್ಗಿ, ಗಾಡಿಯ ಹೊಟ್ಟೆಯ ಹತ್ತಿರ ಅಂಗೈ ಹಿಡಿದೆ. ತಣ್ಣಗಿತ್ತು. ಅದು ಬ್ಯಾಟರಿ ಗಾಡಿ, ಅದರಲ್ಲಿ ಎಂಜಿನ್ನೇ ಇಲ್ಲ ಎಂಬುದು ಆಮೇಲೆ ನೆನಪಾಯಿತು. ಅಂಗಡಿಗೆ ಹೋಗಿ ಅದನ್ನು ಕೊಂಡು ತಂದವನೂ ನಾನೇ.

ನೀವು ನಗುವ ಮೊದಲೇ ಹೇಳಿಬಿಡುತ್ತೇನೆ, ಈ ಚಾಳಿ ನನಗೆ ನಮ್ಮ ಕಾಕಾನಿಂದ ಬಂದದ್ದು. ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಸಮೀಪ, ನಮ್ಮ ಅಪ್ಪ ಮತ್ತು ಅಪ್ಪನ ತಮ್ಮನಾದ ಈ ಕಾಕಾ ಅಕ್ಕಪಕ್ಕದ ಮನೆಗಳಲ್ಲಿ ಇದ್ದರು. ಕಾಕಾನಿಗೆ ಎಲ್ಲದರ ಮೇಲೂ ಅನುಮಾನ. ಹಾಲು ಕಂಡರೆ ನೀರಿನ ಅನುಮಾನ, ತಕ್ಕಡಿ ಕಂಡರೆ ಕಲ್ಲಿನ ಅನುಮಾನ, ಮಳೆ ಬಂದರೂ ಇದು ಪೂರ್ತಿ ಬರುವ ಮಳೆಯಲ್ಲ ಎಂಬ ಅನುಮಾನ. ಮನೆಗೆ ಯಾರೇ ಗಾಡಿಯ ಮೇಲೆ ಬರಲಿ, ಅವರು ಒಳಗೆ ನೀರು ಕುಡಿಯುವಷ್ಟರಲ್ಲಿ ಕಾಕಾ ಹೊರಗೆ ಹೋಗಿ ಎಂಜಿನ್ನಿನ ಹತ್ತಿರ ಅಂಗೈ ಹಿಡಿಯುತ್ತಿದ್ದ. ಬಂದವರು ಎಷ್ಟು ದೂರದಿಂದ ಬಂದಿದ್ದಾರೆ ಎಂಬುದು ಆ ಕಾವಿನಲ್ಲೇ ತಿಳಿಯುತ್ತದೆ ಎಂದು ಅವನ ನಂಬಿಕೆ.

"ಮನಶ್ಯಾ ಸುಳ್ಳು ಹೇಳತಾನ, ಎಂಜಿನ್ ಹೇಳೂದಿಲ್ಲ" ಅನ್ನುತ್ತಿದ್ದ.

ಅವನ ಮಗಳು ಶಾಂತಾಳನ್ನು ನೋಡಲು ಟಿಕೋಟಾದಿಂದ ಮಹಾದೇವ ಎಂಬ ಹುಡುಗ ಬಂದ. ಹಿರಿಯರು ಬಸ್ಸಿಗೆ ಬಂದರು, ಹುಡುಗ ತನ್ನ ಮೋಟರ್‌ಬೈಕಿನ ಮೇಲೆ. ದ್ರಾಕ್ಷಿ ಒಣಗಿಸಿ ಊರಿನ ಅಂಗಡಿಗಳಿಗೆ ಹಾಕುವ ಕೆಲಸ ಅವನದು. ಮಾತು ಕಡಿಮೆ, ಬಿಳಿ ಪ್ಯಾಂಟು, ಮಳೆಗಾಲದಲ್ಲೂ ಅದರ ಮೇಲೆ ಒಂದು ಹನಿ ಕೆಸರಿಲ್ಲ. ಶಾಂತಾ ಚಹಾ ಕೊಟ್ಟು ಹಿಂತಿರುಗುವಾಗ ಅವಳ ಮುಖ ನೋಡಿದೆ. ಅವಳಿಗೆ ಹುಡುಗ ಹಿಡಿಸಿದ್ದ, ಅದರಲ್ಲಿ ನನಗೂ ಅನುಮಾನವಿರಲಿಲ್ಲ.

ಅವರು ಹೋದ ಮೇಲೆ ಕಾಕಾ ನನ್ನನ್ನು ಮೂಲೆಗೆ ಕರೆದ. "ತಮ್ಮಾ, ಆ ಗಾಡಿ ಬರೇ ಟಿಕೋಟಾದಿಂದ ಬಂದಿದ್ದಲ್ಲ. ಹಂಚಿನಂಗ ಕಾದಿತ್ತು. ನನ್ನ ಸ್ಕೂಟರ್ ಟಿಕೋಟಾಕ್ಕ ಹೋಗಿ ಬಂದ್ರೂ ಇಷ್ಟು ಕಾಯೂದಿಲ್ಲ. ಇಂವ ಮೊದಲ ಬಬಲೇಶ್ವರಕ್ಕ ಹೋಗಿ, ಅಲ್ಲಿಂದ ಇಲ್ಲಿಗೆ ಬಂದಾನ."

"ಬಬಲೇಶ್ವರಕ್ಕ ಯಾಕ?"

"ಅದನ್ನ ನಾ ಕೇಳಾಕತ್ತೇನಿ. ಅಲ್ಲಿ ಯಾವಕಿ ಅದಾಳೋ!"

ಟಿಕೋಟಾ ಒಂದು ದಿಕ್ಕಿಗೆ, ಬಬಲೇಶ್ವರ ಇನ್ನೊಂದು ದಿಕ್ಕಿಗೆ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಾರನೆಯ ವಾರ ಮಹಾದೇವ ತನ್ನವ್ವ ಕಳಿಸಿದ ಸೇಂಗಾ ಹೋಳಿಗೆ ಕೊಡಲು ಬಂದ. ಗಾಡಿ ಮತ್ತೆ ಹಾಗೇ ಕಾದಿತ್ತು. ಕಾಕಾ ಅಡುಗೆಮನೆಗೆ ಬಂದು, ಈ ಸಂಬಂಧ ಬೇಡವೆಂದು ಇವತ್ತೇ ಹೇಳಿಬಿಡುತ್ತೇನೆ ಎಂದ. ಕಾಕಾನ ಹೆಂಡತಿ ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಶಾಂತಾಳ ಕಣ್ಣಲ್ಲಿ ನೀರು ಬಂತು, ಆದರೆ ಅವಳೂ ಕಾಕಾನ ಮಗಳೇ.

"ಯಪ್ಪಾ, ನೀ ನನಗ ಗಂಡು ನೋಡಾಕತ್ತಿಯೋ, ಗಾಡಿ ನೋಡಾಕತ್ತಿಯೋ? ಗಾಡಿ ಮ್ಯಾಲೆ ಅಷ್ಟು ನಂಬಿಗಿ ಇದ್ರ ನೀನ ಅದನ್ನ ತಗೊಂಡು ಟಿಕೋಟಾಕ್ಕ ಹೋಗಿ ಬಾ. ಹೆಂಗ ಐತಿ ಹಂಗ ಹೊಡಿ, ಏನೂ ಬಿಚ್ಚಬ್ಯಾಡ."

ಮಹಾದೇವನಿಗೆ ಏನು ಹೇಳಿದರೋ ಗೊತ್ತಿಲ್ಲ, ಪಾಪ, ಕೀಲಿ ಕೊಟ್ಟು ಹೋಳಿಗೆಯ ಮುಂದೆ ಕೂತ. ಕಾಕಾ ಗಾಡಿ ಹೊಡೆದ, ನಾನು ಹಿಂದೆ. ಆ ಗಾಡಿಗೆ ಮುಂದೆ ದೊಡ್ಡ ಲೆಗ್ ಗಾರ್ಡ್, ಅದಕ್ಕೆ ಅಡ್ಡಲಾಗಿ ಬಿಗಿಯಾಗಿ ಕಟ್ಟಿದ ತಾಡಪತ್ರಿ, ಅಂದರೆ ಟಾರ್ಪಾಲಿನ್ ಪರದೆ, ಎಡಕ್ಕೂ ಬಲಕ್ಕೂ ಒಂದೊಂದು ಒಣದ್ರಾಕ್ಷಿ ಚೀಲ. ಎಂಜಿನ್ ಕಾಣಬೇಕಾದರೆ ಬಗ್ಗಿ ಇಣುಕಬೇಕು. ದಾರಿಯುದ್ದಕ್ಕೂ ಎದುರು ಗಾಳಿ ನಮ್ಮ ಮುಖಕ್ಕೆ ಬಡಿಯುತ್ತಿತ್ತು, ಕೆಳಗೆ ಮೊಣಕಾಲಿಗೆ ಮಾತ್ರ ಒಲೆಯ ಮುಂದೆ ಕೂತ ಹಾಗೆ ಬಿಸಿ ಹತ್ತುತ್ತಿತ್ತು. ಕಾಕಾ ಎಲ್ಲೂ ಇಳಿಯಲಿಲ್ಲ. ಟಿಕೋಟಾದ ಬಸ್‌ಸ್ಟ್ಯಾಂಡಿನ ಮುಂದೆ ತಿರುಗಿಸಿ ನೇರ ಮನೆಗೆ ತಂದು ನಿಲ್ಲಿಸಿದ.

ಶಾಂತಾ ಬಾಗಿಲಲ್ಲೇ ಕಾಯುತ್ತಿದ್ದಳು. ಬಂದವಳೇ ಬಗ್ಗಿ ಎಂಜಿನ್ನಿನ ಹತ್ತಿರ ಅಂಗೈ ಹಿಡಿದಳು, ಥೇಟ್ ಅಪ್ಪನ ಹಾಗೆ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ಯಪ್ಪಾ, ಗಾಡಿ ಹಂಚಿನಂಗ ಕಾದೈತಲ್ಲ. ಬಬಲೇಶ್ವರದಾಗ ಯಾವಕಿ ಅದಾಳ?"

ಚಿಗವ್ವ ಸೆರಗಿನಲ್ಲಿ ನಗು ಅಡಗಿಸಲು ನೋಡಿ ಸೋತಳು. ಕಾಕಾ ನನ್ನ ಕಡೆ ತಿರುಗಿದ. "ಲೇ, ಹೇಳಲೇ, ನಾ ಎಲ್ಲ್ಯಾರ ನಿಂತೇನೇನು?" ಜೀವನದಲ್ಲಿ ಮೊದಲ ಸಲ ಅವನು ಸಾಕ್ಷಿಗಾಗಿ ಒಬ್ಬ ಮನುಷ್ಯನ ಬಾಯಿ ನೋಡಿದ್ದ.

ಶಾಂತಾ ತಾಡಪತ್ರಿಯ ಹಗ್ಗ ಬಿಚ್ಚಿದಳು. "ಬಿಸಿ ರೊಟ್ಟಿ ಬಟ್ಟಿಯೊಳಗ ಸುತ್ತಿಟ್ರ ಆರತೈತೇನು? ಓಡೂ ಗಾಡಿಗೆ ಗಾಳಿ ತಾಗಬೇಕು, ಅಂದ್ರ ತಣ್ಣಗ ಆಕ್ಕೈತಿ. ಇಲ್ಲಿ ಮುಂದ ಪರದೆ ಐತಿ, ಆಜೂಬಾಜೂ ಚೀಲ ಅದಾವ. ಎಲ್ಲಿಂದ ಗಾಳಿ ಬರಬೇಕು?"

ದೂರಕ್ಕೂ ಕಾವಿಗೂ ಕಾಕಾ ಕಟ್ಟಿದ್ದ ನಂಟು ಅಲ್ಲಿಗೆ ಹರಿಯಿತು. ಆದರೆ ಅನುಮಾನ ಅಷ್ಟು ಸುಲಭಕ್ಕೆ ಸಾಯುವ ಪ್ರಾಣಿಯಲ್ಲ. "ಅಲ್ಲಾ, ಪರದೆ ಯಾಕ ಕಟ್ಟೀದಿ?" ಎಂದು ಮಹಾದೇವನನ್ನು ಹಿಡಿದ.

ಹುಡುಗ ತನ್ನ ಪ್ಯಾಂಟು ನೋಡಿಕೊಂಡ. ಕಿವಿ ಕೆಂಪಗಾದವು. "ದಾರಿಯೊಳಗ ಕೆಸರ ಭಾಳ ಐತ್ರಿ ಮಾವಾರ. ಇಲ್ಲಿಗೆ ಬರೂಮುಂದ ಮಾತ್ರ ಕಟ್ಟತೇನ್ರಿ."

ಇನ್ನೂ ಹೂಂ ಅನ್ನದ ಮನೆಯಲ್ಲಿ ಅವನು 'ಮಾವಾರ' ಅಂದದ್ದನ್ನು ಕಾಕಾ ಗಮನಿಸಲಿಲ್ಲ, ಶಾಂತಾ ಗಮನಿಸಿದಳು. ಲಗ್ನವಾಯಿತು. ಅಳಿಯ ಬಂದಾಗಲೆಲ್ಲ ಕಾಕಾ ಗಾಡಿಯ ಹತ್ತಿರ ಹೋಗುವುದು ನಿಲ್ಲಲಿಲ್ಲ, ಮೊದಲು ಪರದೆ ಇದೆಯೋ ಇಲ್ಲವೋ ನೋಡಿ ಆಮೇಲೆ ಅಂಗೈ ಹಿಡಿಯುತ್ತಿದ್ದ ಅಷ್ಟೆ. ಈಗ ಕಾಕಾ ಇಲ್ಲ. ಅಂಗೈ ಮಾತ್ರ ನನಗೆ ಬಂದಿದೆ.

ನಿನ್ನೆ ಇದನ್ನೆಲ್ಲ ನೆನೆಯುತ್ತ ಬಗ್ಗಿಕೊಂಡೇ ಇದ್ದೆನೆಂದು ಕಾಣುತ್ತದೆ. "ಏನ್ ಹುಡುಕಾಕತ್ತಿ ಅಪ್ಪಾ?" ಎಂದು ಮಗಳು ಬಾಗಿಲಿಗೆ ಬಂದಳು. ಝೆರಾಕ್ಸ್ ಕಾಗದ ತೋರಿಸು ಅನ್ನುವುದು ಬಾಯಿಗೆ ಬಂದಿತ್ತು.

"ಏನಿಲ್ಲವಾ. ಹಸದಿರಬೇಕು ನೀ. ನಡಿ, ಉಣ್ಣೂಣು" ಅಂದೆ.

ಊಟದ ನಡುವೆ ಅವಳು ತಾಟಿನಿಂದ ಕಣ್ಣೆತ್ತದೆ ಹೇಳಿದಳು, "ಅಪ್ಪಾ, ಝೆರಾಕ್ಸ್ ಅಂದಿದ್ದು ಸುಳ್ಳು. ಬಬಲೇಶ್ವರಕ್ಕ ಹೋಗಿದ್ದೆ, ಗೆಳತಿ ಮನಿಗೆ. ಅಷ್ಟು ದೂರ ಒಬ್ಬಾಕಿನ್ನ ನೀ ಬಿಡೂದಿಲ್ಲಂತ ಹೇಳಲಿಲ್ಲ."

ಬಬಲೇಶ್ವರ! ಕಾಕಾ, ಕಡೆಗೂ ಒಬ್ಬರು ಹೋಗಿ ಬಂದರು ನೋಡು. ಯಾವ ಗೆಳತಿ, ಯಾರ ಮನೆ, ಮನೆಯಲ್ಲಿ ಯಾರಿದ್ದರು, ಎಲ್ಲವೂ ಒಟ್ಟಿಗೆ ನಾಲಿಗೆಗೆ ನುಗ್ಗಿದವು. ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದೆ.

"ಮುಂದಿನ ಸಲ ಹೇಳಿ ಹೋಗವಾ" ಅಂದೆ. "ನಾನ ಗಾಡಿ ಚಾರ್ಜ್ ಮಾಡಿ ಇಟ್ಟಿರತೇನಿ."